ಟಾರ್ಕ್‌ಗೆ ‘ತಿರುಚುಬಲ’ ಸಲ್ಲುತ್ತದೆಯೇ?

ಡೀಸೆಲ್ ಟ್ರಕ್ಕಿನ ಎಂಜಿನ್ನಿನ ಕಸುವು ಹೆಚ್ಚಿಸಿದ ಮೇಲೆ ಆಟೊಮ್ಯಾಟಿಕ್ ಗಿಯರ್‌ಬಾಕ್ಸನ್ನು ಅದಕ್ಕೆ ತಕ್ಕಂತೆ ಗಟ್ಟಿ ಮಾಡುವ ಬಗೆಯನ್ನು ವಿವರಿಸುವ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಟಾರ್ಕ್, ಅಂದರೆ ಎಂಜಿನ್ ದಂಡವನ್ನು ತಿರುಗಿಸುವ ಬಲ, ಎಂಬ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬಲ್ಲಿಗೆ ಬಂದು ನಿಂತಿದ್ದೇನೆ.

ಪವರ್, ಟಾರ್ಕ್ ಎರಡಕ್ಕೂ ‘ಶಕ್ತಿ’ ಎಂದು ಬರೆದು ಮುಂದೆ ಹೋಗುವವರುಂಟು. ಇಲ್ಲಿ ಹಾಗೆ ಮಾಡಿದರೆ ಹೇಳಬೇಕಾದ ಮಾತೇ ಮುಚ್ಚಿಹೋಗುತ್ತದೆ. ನಿಮಿಷಕ್ಕೆ 3000 ಸುತ್ತಿನಲ್ಲಿ 200 ನ್ಯೂಟನ್-ಮೀಟರ್ ಟಾರ್ಕ್ ಕೊಡುವ ಎಂಜಿನ್ನೂ 1500 ಸುತ್ತಿನಲ್ಲಿ 400 ಕೊಡುವ ಎಂಜಿನ್ನೂ ಅಶ್ವಶಕ್ತಿಯ ಲೆಕ್ಕದಲ್ಲಿ ಸರಿಸಮ, ಸುಮಾರು 84. ಆದರೆ ಗಿಯರ್‌ಬಾಕ್ಸಿನೊಳಗೆ ಒಂದನ್ನೊಂದು ಹಿಡಿದು ತಿರುಗುವಿಕೆಯನ್ನು ದಾಟಿಸುವ ಕ್ಲಚ್ ತಟ್ಟೆಗಳು ಜಾರದೆ ಹಿಡಿದಿಡಬೇಕಾದ ಬಲ ಎರಡನೆಯದರಲ್ಲಿ ದುಪ್ಪಟ್ಟು. ಕಡಿಮೆ ಸುತ್ತಿನಲ್ಲೇ ಜೋರಾಗಿ ಎಳೆಯುವುದು ಡೀಸೆಲ್ಲಿನ ಗುಣ. ಇಂಧನವನ್ನೂ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಒತ್ತಡವನ್ನೂ ಏರಿಸಿದಾಗ ಆ ಎಳೆತ ಇನ್ನೂ ಬಿರುಸಾಗುತ್ತದೆ. ಕ್ಲಚ್ ಅದನ್ನು ತಡೆಯಲಾರದೆ ಹೋದಾಗ, ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸುತ್ತಿನ ಮುಳ್ಳು ಸರ್ರನೆ ಮೇಲೇರುತ್ತದೆ, ಟ್ರಕ್ಕು ಮಾತ್ರ ಇದ್ದ ವೇಗದಲ್ಲೇ ಇರುತ್ತದೆ. ಗಿಯರ್‌ಬಾಕ್ಸ್ ಎಣ್ಣೆಯ ಅಳತೆಕಡ್ಡಿಯನ್ನು ಬಿಳಿ ಬಟ್ಟೆಗೆ ಒರೆಸಿ ನೋಡಿದರೆ ಕೆಂಪಗಿರಬೇಕಾದ ಎಣ್ಣೆ ಕಪ್ಪಾಗಿ, ಸುಟ್ಟ ವಾಸನೆ ಹೊಡೆಯುತ್ತದೆ. ಇದಕ್ಕೆ ‘ಕ್ಲಚ್ ಜಾರುತ್ತಿದೆ’ ಎಂಬ ಮಾತು ನಮ್ಮಲ್ಲಿದೆ, ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಜಾರಿಸುವ ಆ ಬಲಕ್ಕೆ ಏನೆನ್ನೋಣ?

ಪಠ್ಯಪುಸ್ತಕದ ‘ಭ್ರಾಮಕ’ ನನಗೆ ಒಪ್ಪಿಗೆಯಿಲ್ಲ. ‘ಭ್ರಾಮಕ ಜಗತ್ತು’ ಎಂದು ಓದಿ ಬಂದವರಿಗೆ ಅದು ಭ್ರಮೆ ಹುಟ್ಟಿಸುವಂಥದ್ದು. ‘ತಿರುಗುಬಲ’ ಸುಲಭ, ಆದರೆ ತಿರುಗಿಸುವುದಕ್ಕೂ ತಿರುಗುವುದಕ್ಕೂ ಇರುವ ಅಂತರ ಅದರಲ್ಲಿ ಇಲ್ಲ. ನನ್ನ ಒಲವು ‘ತಿರುಚುಬಲ’ದ ಕಡೆಗೆ. ಒದ್ದೆ ಬಟ್ಟೆ ಹಿಂಡುವಾಗ ಕೈ ಮಾಡುವ ಕೆಲಸ ಅದು; ಮಿತಿ ಮೀರಿದರೆ ಗಿಯರ್‌ಬಾಕ್ಸಿನ ಒಳದಂಡವೂ ಹಾಗೆಯೇ ತಿರುಚಿಕೊಂಡು ಮುರಿಯುತ್ತದೆ. ಪತ್ರಿಕೆಗಳ ‘ಹೇಳಿಕೆ ತಿರುಚಿದರು’ ಎಂಬ ಬಳಕೆ ಅಡ್ಡ ಬರಲಾರದು ಎಂದುಕೊಂಡಿದ್ದೇನೆ.

ಟ್ರಾನ್ಸ್‌ಮಿಷನ್‌ಗೆ ‘ಪ್ರಸರಣ’ ಬೇಡವೇ ಬೇಡ, ಅದು ಸುದ್ದಿಗೂ ಶಬ್ದಕ್ಕೂ ಸಲ್ಲುವ ಪದ. ಗಿಯರ್‌ಬಾಕ್ಸ್ ಸಾಕು. ‘ಮೇಲ್ದರ್ಜೆಗೇರಿಸು’ ಎಂಬುದನ್ನೂ ಶಾಲೆ, ಆಸ್ಪತ್ರೆಗಳಿಗೆ ಬಿಟ್ಟು ‘ಬಲಪಡಿಸು’ ಎಂದಿದ್ದೇನೆ: ಕ್ಲಚ್ ತಟ್ಟೆಗಳನ್ನು ಹೆಚ್ಚಿಸುವುದು, ಅವನ್ನು ಅದುಮುವ ಎಣ್ಣೆಯ ಒತ್ತಡ ಏರಿಸುವುದು, ಗಟ್ಟಿ ಉಕ್ಕಿನ ದಂಡ ಹಾಕುವುದು. ಗಿಯರ್‌ಬಾಕ್ಸ್ ಎಷ್ಟು ಟಾರ್ಕ್ ತಡೆಯಬಲ್ಲದು ಎಂಬುದಕ್ಕೆ ‘ತಾಳಿಕೆ’ ಸಿಕ್ಕಿತು. ಎಷ್ಟು ಕಾಲ ಎಂಬುದಕ್ಕೆ ‘ಬಾಳಿಕೆ’ ಇದ್ದೇ ಇದೆ. ಜೊತೆಯಾಗಿ ಬರುವ ಈ ಎರಡು ಪದಗಳು ಹೀಗೆ ಬೇರೆ ಬೇರೆ ಕೆಲಸಕ್ಕೆ ಒದಗಿದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಉಳಿದಿರುವ ತೊಡಕು ಒಂದೇ. ದಂಡ ತಿರುಚಿಕೊಳ್ಳುವ ಕ್ರಿಯೆಗೆ, ಅಂದರೆ ಟಾರ್ಷನ್‌ಗೆ, ‘ತಿರುಚುವಿಕೆ’ ಎಂದೇ ಬರೆಯಬೇಕಾಗುತ್ತದೆ. ಒಂದೇ ಪುಟದಲ್ಲಿ ತಿರುಚುಬಲ, ತಿರುಚುವಿಕೆ ಎರಡೂ ಬಂದರೆ ಓದುಗರಿಗೆ ಗೊಂದಲವಾದೀತೇ? ತಿರುಪುಮೊಳೆಯ ನಂಟಿರುವ ‘ತಿರುಪುಬಲ’ವೇ ಮೇಲೇ? ಯಂತ್ರಗಳ ನಡುವೆ ಕೆಲಸ ಮಾಡುವವರು ಬೇರೆ ಮಾತು ಬಳಸುತ್ತಿದ್ದರೆ ದಯವಿಟ್ಟು ಅದನ್ನು ಬಳಸಿದ ವಾಕ್ಯದ ಸಮೇತ ತಿಳಿಸಿ.