‘ವಿಕಾಸದ ಅನುಕರಣೆ’ ಎಂಬ ಪದಪ್ರಯೋಗ ಸರಿಯೇ?

ಮಾನ್ಯರೇ,

ಕಂಪ್ಯೂಟರಿನಲ್ಲಿ ಕೃತಕ ಜೀವಿಗಳನ್ನು ಪೀಳಿಗೆಯಿಂದ ಪೀಳಿಗೆಗೆ ಬೆಳೆಸುವ ಪ್ರಯೋಗಗಳ ಬಗ್ಗೆ ಬರೆಯುವಾಗ, ‘ಎವಲ್ಯೂಷನ್ ಸಿಮ್ಯುಲೇಶನ್’ ಎಂಬುದನ್ನು ‘ವಿಕಾಸದ ಅನುಕರಣೆ’ ಎನ್ನುವುದು ರೂಢಿಯಾಗುತ್ತಿದೆ. ನನಗೆ ಇದು ಅರ್ಧ ಮಾತ್ರ ಸರಿ ಎನ್ನಿಸುತ್ತದೆ.

ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಕಾರ್ಲ್ ಸಿಮ್ಸ್ ಅವರು 1994ರಲ್ಲಿ ಪ್ರಕಟಿಸಿದ ಕೆಲಸವನ್ನೇ ನೋಡೋಣ. ಅವರ ಜೀವಿಗಳೆಂದರೆ ಕೀಲುಗಳಿಂದ ಜೋಡಿಸಿದ ಪೆಟ್ಟಿಗೆಯಾಕಾರದ ತುಂಡುಗಳು. ದೇಹದ ರಚನೆಯೂ ಕೀಲುಗಳನ್ನು ಆಡಿಸುವ ಕೃತಕ ನರಜಾಲವೂ ಒಂದೇ ವಂಶನಕ್ಷೆಯಲ್ಲಿ, ಅಂದರೆ ಸಂತತಿಗೆ ಸಾಗುವ ವಿನ್ಯಾಸದಲ್ಲಿ (ಜೀನೋಟೈಪ್), ಅಡಗಿರುತ್ತವೆ. ಸಾಮಾನ್ಯವಾಗಿ 300ರಷ್ಟಿದ್ದ ಸಂಕುಲದಲ್ಲಿ ಚೆನ್ನಾಗಿ ಈಜಿದ ಅಥವಾ ನಡೆದ ಐದನೆಯ ಒಂದು ಭಾಗವನ್ನು ಉಳಿಸಿ, ಆ ನಕ್ಷೆಗಳನ್ನು ಅಲ್ಲಲ್ಲಿ ಆಕಸ್ಮಿಕವಾಗಿ ಬದಲಿಸಿ, ಕೆಲವನ್ನು ಪರಸ್ಪರ ಬೆರೆಸಿ ಮುಂದಿನ ಪೀಳಿಗೆಯನ್ನು ಪಡೆಯಲಾಗುತ್ತಿತ್ತು. ಹೀಗೆ 50ರಿಂದ 100 ಪೀಳಿಗೆಗಳು.

ಇಲ್ಲಿ ನೀರಿನ ತಡೆ, ಗುರುತ್ವ, ಘರ್ಷಣೆಗಳು ನಿಸ್ಸಂದೇಹವಾಗಿ ಅನುಕರಣೆಗಳೇ. ಆದರೆ ವ್ಯತ್ಯಾಸ, ಆನುವಂಶಿಕತೆ, ಆಯ್ಕೆ ಎಂಬ ಮೂರೂ ಅಲ್ಲಿ ನಿಜವಾಗಿಯೇ ನಡೆಯುತ್ತವೆ. ವೇಗಕ್ಕೆ ಬಹುಮಾನವೆಂದಾಗ, ನಡೆಯುವ ಗೋಜಿಗೇ ಹೋಗದೆ ಎತ್ತರಕ್ಕೆ ಬೆಳೆದು ಬರಿದೇ ಉರುಳಿಬಿದ್ದು ವೇಗ ಗಳಿಸುವ ದಾರಿಯೂ ಜೀವಿಗಳಿಗೆ ತೆರೆದಿರುತ್ತದೆ. ಅದನ್ನು ತಪ್ಪಿಸಲು ಸಿಮ್ಸ್ ಮೊದಲು ದೇಹ ಕುಸಿದು ನೆಲೆನಿಲ್ಲುವವರೆಗೆ ಕಾದು, ಬಳಿಕವಷ್ಟೇ ಚಲನೆಯನ್ನು ಅಳೆಯುತ್ತಿದ್ದರು. ಇಂಥ ಕಿಲಾಡಿತನ ಯಾವುದರ ಅನುಕರಣೆ? ಪರಿಸರವಿಜ್ಞಾನಿ ಟಾಮ್ ರೇ ಅವರ ‘ಟಿಯೆರಾ’ ಎಂಬ ಕಂಪ್ಯೂಟರ್ ಪ್ರಯೋಗದಲ್ಲಂತೂ ಅನುಕರಿಸಲು ನೀರೂ ಇಲ್ಲ, ನೆಲವೂ ಇಲ್ಲ. ತನ್ನನ್ನು ತಾನೇ ನಕಲಿಸಿಕೊಳ್ಳುವ 80 ಆದೇಶಗಳ ಒಂದು ಪ್ರೋಗ್ರಾಮಿನಿಂದ, ನೆರೆಯವರ ನಕಲು ಮಾಡುವ ಭಾಗವನ್ನೇ ಬಳಸಿಕೊಂಡು ಬದುಕುವ 45 ಆದೇಶಗಳ ಪರಾವಲಂಬಿಗಳು ತಾವಾಗಿ ಹುಟ್ಟಿಕೊಂಡವು.

ಆದ್ದರಿಂದ ‘ಅನುಕರಣೆ’ಯನ್ನು ಪರಿಸರಕ್ಕೆ ಸೀಮಿತಗೊಳಿಸಿ, ‘ಅನುಕರಿಸಿದ ಪರಿಸರದಲ್ಲಿ ವಿಕಾಸ’ ಎನ್ನುವುದು ಮೇಲೆಂದು ನನ್ನ ಅಭಿಪ್ರಾಯ. ‘ಅಣಕು ವಿಕಾಸ’ವನ್ನು ಒಪ್ಪಲಾರೆ, ಅಣಕು ಮತದಾನದಲ್ಲಿ ಯಾರೂ ಗೆಲ್ಲುವುದಿಲ್ಲ, ಇಲ್ಲಿ ಗೆದ್ದವರಿಗೆ ಸಂತತಿಯಿದೆ. ‘ವರ್ಚುವಲ್ ಕ್ರೀಚರ್’ ಎಂಬುದಕ್ಕೆ ‘ಮಿಥ್ಯಾಜೀವಿ’ ಎನ್ನಲು ಪಠ್ಯಪುಸ್ತಕದ ‘ಮಿಥ್ಯ ಪ್ರತಿಬಿಂಬ’ದ (ವರ್ಚುವಲ್ ಇಮೇಜ್) ಬೆಂಬಲವಿದ್ದರೂ ‘ಕೃತಕ ಜೀವಿ’ ಹೆಚ್ಚು ಸುಲಭ.

ಉಳಿದದ್ದು ಕ್ರಿಯಾಪದ. ‘ಸಿಮ್ಸ್ ಜೀವಿಗಳನ್ನು ವಿಕಾಸಗೊಳಿಸಿದರು’ ಎಂದರೆ ಪ್ರತಿಯೊಂದು ಅಂಗವನ್ನೂ ಅವರೇ ತಿದ್ದಿದಂತೆ ಕೇಳುತ್ತದೆ. ‘ಜೀವಿಗಳು ವಿಕಾಸಗೊಂಡವು’ ಎಂದರೆ ಗುರಿಯನ್ನು ನಿಗದಿಪಡಿಸಿದ ಮನುಷ್ಯ ಕಾಣೆಯಾಗುತ್ತಾನೆ. ಸಾಕಣೆಯ ತಳಿಗಳ ಬಗ್ಗೆ ಬರೆಯುವವರು ಇಂಥಲ್ಲಿ ಯಾವ ರೂಪವನ್ನು ಬಳಸುತ್ತಾರೆ, ಅದು ಇಲ್ಲಿಗೂ ಒಗ್ಗೀತೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.