ಅಪ್‌ಡೇಟ್: ಮಗಳನ್ನ ನೋಡೋಕೆ ಕೋರ್ಟ್ ಆರ್ಡರ್ ಸಿಕ್ತು

ಡಿವೋರ್ಸ್ ಕೇಸ್ ನಡೀತಿರುವಾಗ ನಾಲ್ಕು ವರ್ಷದ ಮಗಳನ್ನ ನೋಡೋಕೆ ಹೆಂಡ್ತಿ ಬಿಡ್ತಿಲ್ಲ, ಏನ್ ಮಾಡ್ಲಿ ಅಂತ ಹಿಂದೆ ಇಲ್ಲಿ ಕೇಳಿದ್ನಲ್ಲ, ಕೊನೆಗೂ ದಾರಿ ಸಿಕ್ತು. ಕೆಲವ್ರು ಸ್ಟೇಷನ್ನಿಗೆ ಹೋಗಿ ಅಂದಿದ್ರು, ಹೋದೆ, ಇದು ಸಿವಿಲ್ ವಿಷ್ಯ ಕೋರ್ಟಲ್ಲೇ ನೋಡ್ಕೊಳಿ ಅಂತ ಕಳ್ಸಿದ್ರು. ಹೇಬಿಯಸ್ ಕಾರ್ಪಸ್ (ಅಕ್ರಮವಾಗಿ ಇಟ್ಕೊಂಡಿರೋರನ್ನ ಕೋರ್ಟ್ ಮುಂದೆ ಹಾಜರುಪಡಿಸಿ ಅಂತ ಹಾಕೋ ಅರ್ಜಿ) ಬೇಡ ಅಂತ ವಕೀಲ್ರೇ ಹೇಳಿದ್ರು, ಮಗು ತಾಯಿ ಹತ್ರಾನೇ ಇರೋದ್ರಿಂದ ನಮ್ ಕೇಸಲ್ಲಿ ನಿಲ್ಲಲ್ವಂತೆ. ವರ್ಕ್ ಆಗಿದ್ದು ಅಂದ್ರೆ, ಅದೇ ಡಿವೋರ್ಸ್ ಕೇಸಲ್ಲಿ ಹಿಂದೂ ವಿವಾಹ ಕಾಯ್ದೆ ಸೆಕ್ಷನ್ 26ರ ಕೆಳಗೆ ಮಧ್ಯಂತರ ಅರ್ಜಿ (ಕೇಸ್ ಮುಗಿಯೋ ಮುಂಚೆನೇ ಆರ್ಡರ್ ಕೇಳೋದು) ಹಾಕಿ ಅಂತ ಒಬ್ರು ಹೇಳಿದ್ದು, ಅವ್ರಿಗೆ ತುಂಬಾ ಥ್ಯಾಂಕ್ಸ್. ಜಡ್ಜ್ ಮೀಡಿಯೇಷನ್‌ಗೆ (ಮಧ್ಯಸ್ಥರ ಮುಂದೆ ಮಾತಾಡಿ ಒಪ್ಪಂದಕ್ಕೆ ಬರೋದು) ಕಳ್ಸಿದ್ರು, ಅಲ್ಲಿ ಎರಡನೇ ಮತ್ತೆ ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಸಂಜೆ 5, ಉಳಿದ ದಿನಗಳ ಮಧ್ಯೆ ವಿಡಿಯೋ ಕಾಲ್, ದಸರಾ ರಜೆ ಅರ್ಧರ್ಧ ಅಂತ ಇಬ್ರೂ ಒಪ್ಕೊಂಡ್ವಿ. ಎಲ್ಲಿಂದ ಕರ್ಕೊಂಡು ಹೋಗ್ಬೇಕು, ಎಲ್ಲಿ ಬಿಡ್ಬೇಕು ಅನ್ನೋದನ್ನೂ ಆರ್ಡರಲ್ಲಿ ಬರ್ಸಿ, ಇಲ್ಲಾಂದ್ರೆ ಗೇಟ್ ಹತ್ರಾನೇ ಜಗಳ. ಮೊದಲ ಶನಿವಾರ ಸ್ವಲ್ಪ ಹೊತ್ತು ಅಮ್ಮ ಬೇಕು ಅಂತ ಅತ್ಲು, ಆಮೇಲೆ ನನ್ ತಟ್ಟೆಯಿಂದ ದೋಸೆ ಅಂಚು ಮುರ್ಕೊಂಡು ತಿಂದ್ಲು.

ನಂಗೆ ಗೊತ್ತೇ ಇರದಿದ್ದ ವಿಷ್ಯ, ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ರ ಅಂತ 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೇಲಿ ಇರೋದು ಕಸ್ಟಡಿ (ಮಗು ಯಾರ ಹತ್ರ ಇರ್ಬೇಕು ಅನ್ನೋದು) ಬಗ್ಗೆ, ಅಪ್ಪ ಹೋಗಿ ನೋಡೋದಕ್ಕೆ ಅದು ಅಡ್ಡ ಬರಲ್ಲ. ನೋಡೋಕೆ ಬಿಟ್ಟಿಲ್ಲ ಅಂತ ಮಗು ಜೀವನಾಂಶ ಮಾತ್ರ ದಯವಿಟ್ಟು ನಿಲ್ಲಿಸ್ಬೇಡಿ, ಎರಡೂ ಬೇರೆ ಬೇರೆ. ಮುಂದೆ ಸ್ಕೂಲ್ ಟೈಮಿಂಗ್ ಬದಲಾದ್ರೆ ಆರ್ಡರ್ ಬದಲಿಸೋಕೆ ಮತ್ತೆ ಅರ್ಜಿ ಹಾಕ್ಬೋದು.