ದ್ರಾಕ್ಷಿಯಲ್ಲದ ಗ್ರೇಪ್‌ಫ್ರೂಟ್: ಹಣ್ಣು, ಮಾತ್ರೆ, ಸಿಪ್ಪೆಯ ಎಣ್ಣೆ (ಪ್ರಶ್ನೋತ್ತರ)

ಪ್ರಶ್ನೆ: ಅಪ್ಪನಿಗೆ ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್ 20, ಬಿಪಿಗೆ ಅಮ್ಲೋಡಿಪಿನ್ 5 ಕೊಟ್ಟಿದ್ದಾರೆ. ಮೊಬೈಲಿನಲ್ಲಿ ಹುಡುಕಿದರೆ ಕನ್ನಡದಲ್ಲಿ 'ಈ ಔಷಧದ ಜೊತೆ ದ್ರಾಕ್ಷಿಹಣ್ಣು ತಿನ್ನಬೇಡಿ' ಅಂತ ಬರುತ್ತದೆ. ಅವರು ದಿನಾ ಕಪ್ಪು ದ್ರಾಕ್ಷಿ ತಿನ್ನುತ್ತಾರೆ. ನಿಲ್ಲಿಸಬೇಕಾ?

ಫಾರ್ಮಸಿಸ್ಟ್: ಈ ಮಾತ್ರೆಗಳ ಕಾರಣಕ್ಕೆ ದ್ರಾಕ್ಷಿ ಬಿಡಬೇಕಿಲ್ಲ. ಇದು ಯಂತ್ರಾನುವಾದದ ಅವಾಂತರ. ಮೂಲದಲ್ಲಿರುವುದು ಗ್ರೇಪ್‌ಫ್ರೂಟ್. ಅದಕ್ಕೂ ದ್ರಾಕ್ಷಿಗೂ ಯಾವ ನಂಟೂ ಇಲ್ಲ, ಅದು ಕಿತ್ತಳೆ-ನಿಂಬೆಯ ಬಳಗದ್ದು. ಚಕ್ಕೋತ ಮತ್ತು ಸಿಹಿ ಕಿತ್ತಳೆ ತಾವಾಗಿಯೇ ಬೆರೆತು ಹುಟ್ಟಿದ ಹಣ್ಣು. 18ನೇ ಶತಮಾನದಲ್ಲಿ ಕೆರಿಬಿಯನ್‌ನ ಬಾರ್ಬಡೋಸ್ ದ್ವೀಪದಲ್ಲಿ ಮೊದಲು ದಾಖಲಾಯಿತು. ಮರದಲ್ಲಿ ದ್ರಾಕ್ಷಿಯಂತೆ ಗೊಂಚಲಾಗಿ ಬಿಡುತ್ತದೆ ಎಂದು ಆ ಹೆಸರು ಬಂತು ಎನ್ನುತ್ತಾರೆ. ಈ ತಪ್ಪು ಅನುವಾದದಿಂದ ಎರಡು ಕಡೆ ನಷ್ಟ: ಬಿಡಬೇಕಿಲ್ಲದವರು ದ್ರಾಕ್ಷಿ ಬಿಡುತ್ತಾರೆ, ಬಿಡಬೇಕಾದವರು ಗ್ರೇಪ್‌ಫ್ರೂಟ್ ಜ್ಯೂಸ್ ಕುಡಿಯುತ್ತಾರೆ.

ಈಗ ಅಸಲು ವಿಷಯ. ನುಂಗಿದ ಮಾತ್ರೆ ರಕ್ತ ಸೇರುವ ಮೊದಲು ಸಣ್ಣ ಕರುಳಿನ ಗೋಡೆಯಲ್ಲೊಂದು ಸುಂಕದ ಕಟ್ಟೆ ದಾಟಬೇಕು. ಸಿವೈಪಿ3ಎ4 ಎಂಬ ಕಿಣ್ವ ಅಲ್ಲೇ ಕೂತು ಒಂದಿಷ್ಟು ಔಷಧವನ್ನು ಮುರಿದು ಹಾಕುತ್ತದೆ. ಈ ಸುಂಕ ಲೆಕ್ಕ ಹಾಕಿಯೇ ಡೋಸ್ ನಿಗದಿ ಮಾಡಿರುತ್ತಾರೆ. ಗ್ರೇಪ್‌ಫ್ರೂಟ್‌ನಲ್ಲಿರುವ ಫ್ಯುರಾನೊಕೂಮರಿನ್ ಎಂಬ ರಾಸಾಯನಿಕಗಳು (ಮುಖ್ಯವಾಗಿ ಬರ್ಗಮೋಟಿನ್ ಮತ್ತು ಅದರ ಡೈಹೈಡ್ರಾಕ್ಸಿ ರೂಪ) ಆ ಕಿಣ್ವವನ್ನೇ ಶಾಶ್ವತವಾಗಿ ಕೆಡಿಸುತ್ತವೆ. ಸುಂಕವಿಲ್ಲದೆ ಪೂರ್ತಿ ಸರಕು ಒಳಗೆ ಹೋದರೆ 20 ಮಿ.ಗ್ರಾಂ. ಮಾತ್ರೆ 40ರಂತೆ, ಕೆಲವೊಮ್ಮೆ ಅದಕ್ಕೂ ಹೆಚ್ಚಾಗಿ ವರ್ತಿಸುತ್ತದೆ. ಇದು ಗೊತ್ತಾದದ್ದೇ ಆಕಸ್ಮಿಕ. ಕೆನಡಾದ ಡೇವಿಡ್ ಬೈಲಿ ತಂಡ ಬಿಪಿಯ ಫೆಲೋಡಿಪಿನ್ ಮಾತ್ರೆಯ ಮೇಲೆ ಮದ್ಯದ ಪರಿಣಾಮ ನೋಡುವಾಗ ಮದ್ಯದ ರುಚಿ ಮರೆಸಲು ಈ ಜ್ಯೂಸ್ ಬೆರೆಸಿತ್ತು, ರಕ್ತದಲ್ಲಿ ಔಷಧ ಏರಿದ್ದು ಜ್ಯೂಸ್‌ನಿಂದ. 1991ರ ಅವರ ವರದಿಯಲ್ಲಿ ಔಷಧದ ಪ್ರಮಾಣ ಎರಡು ಪಟ್ಟಿಗೂ ಮೇಲೆ ಹೋಗಿತ್ತು.

ನಿಮ್ಮ ತಂದೆಯ ಮಟ್ಟಿಗೆ: ಅಟೊರ್ವಾಸ್ಟಾಟಿನ್ ಇರುವಾಗ ಅಪರೂಪಕ್ಕೆ ಗ್ರೇಪ್‌ಫ್ರೂಟ್‌ನ ನಾಲ್ಕು ತೊಳೆ ತಿಂದರೆ ಆತಂಕವಿಲ್ಲ, ದಿನಾ ದೊಡ್ಡ ಲೋಟ ಜ್ಯೂಸ್ ಬೇಡ. ಅಮ್ಲೋಡಿಪಿನ್ ಮೇಲೆ ಪರಿಣಾಮ ಕಡಿಮೆ.

ಪ್ರಶ್ನೆ: ಬೆಳಿಗ್ಗೆ ಜ್ಯೂಸ್, ರಾತ್ರಿ ಮಾತ್ರೆ ಅಂತ ಅಂತರ ಇಟ್ಟರೆ?

ಫಾರ್ಮಸಿಸ್ಟ್: ಆಗುವುದಿಲ್ಲ, ಎಲ್ಲರೂ ಎಡವುವುದು ಇಲ್ಲೇ. ಕೆಟ್ಟ ಕಿಣ್ವ ಸರಿಹೋಗುವುದಿಲ್ಲ, ಕರುಳು ಹೊಸದನ್ನೇ ತಯಾರಿಸಬೇಕು. ಅದಕ್ಕೆ 24ರಿಂದ 72 ಗಂಟೆ. ಒಂದು ಹಣ್ಣು ಅಥವಾ 200 ಮಿ.ಲೀ. ಜ್ಯೂಸ್ ಸಾಕು ಕೆಡಿಸಲು.

ಪೂರ್ತಿ ಬಿಡಬೇಕಾದವರು: ಕೊಲೆಸ್ಟ್ರಾಲ್‌ಗೆ ಸಿಮ್ವಾಸ್ಟಾಟಿನ್, ಲೊವಾಸ್ಟಾಟಿನ್, ಬಿಪಿಗೆ ಫೆಲೋಡಿಪಿನ್, ನಿಫೆಡಿಪಿನ್ ತೆಗೆದುಕೊಳ್ಳುವವರು, ಕಿಡ್ನಿ ಕಸಿಯ ನಂತರ ಟ್ಯಾಕ್ರೊಲಿಮಸ್, ಸೈಕ್ಲೊಸ್ಪೋರಿನ್ ಮೇಲಿರುವವರು (ಇವರಂತೂ ಒಂದು ತೊಳೆಯೂ ಬೇಡ), ಹೃದಯ ಬಡಿತದ ಏರುಪೇರಿಗೆ ಅಮಿಯೊಡರಾನ್ ನುಂಗುವವರು. ರೊಸುವಾಸ್ಟಾಟಿನ್, ಪ್ರವಾಸ್ಟಾಟಿನ್‌ಗೆ ಈ ತಕರಾರಿಲ್ಲ. ಅಲರ್ಜಿಯ ಫೆಕ್ಸೊಫೆನಾಡಿನ್‌ನದು ಉಲ್ಟಾ ಕಥೆ: ಜ್ಯೂಸ್ ಅದನ್ನು ಪೂರ್ತಿ ಒಳಗೆ ಬಿಡುವುದಿಲ್ಲ, ಮಾತ್ರೆಯ ಪರಿಣಾಮ ತಗ್ಗುತ್ತದೆ. ಅದನ್ನು ನೀರಲ್ಲೇ ನುಂಗಿ.

ಗೊತ್ತಿಲ್ಲದೆ ತಿಂದಿದ್ದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ. ಸ್ಟಾಟಿನ್ (ಹೆಸರು '-ಸ್ಟಾಟಿನ್' ಎಂದು ಮುಗಿಯುವ ಕೊಲೆಸ್ಟ್ರಾಲ್ ಮಾತ್ರೆ) ಇರುವವರಿಗೆ ಕಾರಣವಿಲ್ಲದೆ ತೊಡೆ-ಭುಜ ನೋವು, ಕಾಫಿ ಬಣ್ಣದ ಮೂತ್ರ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಹಾಗಾದರೆ ನಮ್ಮ ದೇವನಹಳ್ಳಿ ಚಕ್ಕೋತ? ಮೂಸಂಬಿ?

ಆಹಾರ ತಜ್ಞೆ: ಚಕ್ಕೋತ ಗ್ರೇಪ್‌ಫ್ರೂಟ್‌ನ ಹೆತ್ತ ಮರ, ಆ ರಾಸಾಯನಿಕಗಳು ಅದರಲ್ಲೂ ಇವೆ. ಪ್ರಮಾಣ ತಳಿಯಿಂದ ತಳಿಗೆ ಬದಲಾಗುತ್ತದೆ, ನಾಲಿಗೆಗೆ ತಿಳಿಯುವುದಿಲ್ಲ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚ್ಯಂಕ ಮಾನ್ಯತೆ ಸಿಕ್ಕಿದೆ, ಸಿಹಿಯೂ ಚೆನ್ನಾಗಿದೆ. ಅದು ಮಾತ್ರೆಯ ವಿಷಯದಲ್ಲಿ ರಿಯಾಯಿತಿ ಅಲ್ಲ. ಮೇಲಿನ ಪಟ್ಟಿಯವರು ಚಕ್ಕೋತಕ್ಕೂ, ಮಾರ್ಮಲೇಡ್ ಮಾಡುವ ಕಹಿ ಸೆವಿಲ್ ಕಿತ್ತಳೆಗೂ ಅದೇ ನಿಯಮ ಪಾಲಿಸಲಿ. ಮೂಸಂಬಿ, ನಾಗಪುರ ಮತ್ತು ಕೊಡಗಿನ ಕಿತ್ತಳೆಗೆ ಈ ನಿರ್ಬಂಧವಿಲ್ಲ.

ಪ್ರಶ್ನೆ: ಊಟಕ್ಕೆ ಮುಂಚೆ ಅರ್ಧ ಗ್ರೇಪ್‌ಫ್ರೂಟ್ ತಿಂದರೆ ಕೊಬ್ಬು ಕರಗುತ್ತದಂತೆ?

ಆಹಾರ ತಜ್ಞೆ: ಹಣ್ಣು ಕೊಬ್ಬನ್ನೇನೂ ಕರಗಿಸುವುದಿಲ್ಲ. ಹಣ್ಣಿನಲ್ಲಿ ಶೇ. 88-90ರಷ್ಟು ನೀರು, 100 ಗ್ರಾಂಗೆ ಸುಮಾರು 40 ಕ್ಯಾಲರಿ. ಹೊಟ್ಟೆ ಮೊದಲೇ ತುಂಬಿದರೆ ಒಂದು ಮುದ್ದೆ ಕಡಿಮೆ ಉಣ್ಣುತ್ತೀರಿ, ಅಷ್ಟೇ ಲಾಭ. ಇದನ್ನೇ ಹೇಳುವ 1930ರ ದಶಕದ ಹಾಲಿವುಡ್ ಡಯಟ್ ಮತ್ತೆಮತ್ತೆ ಹೊಸ ಹೆಸರಲ್ಲಿ ಬರುತ್ತಿರುತ್ತದೆ. ಸಿ ಜೀವಸತ್ವ 100 ಗ್ರಾಂಗೆ 30-35 ಮಿ.ಗ್ರಾಂ. ಒಳ್ಳೆಯದೇ, ಆದರೆ ಅದಕ್ಕೆ ದುಬಾರಿ ಆಮದು ಹಣ್ಣು ಬೇಕಿಲ್ಲ. ಸೀಬೆಹಣ್ಣಿನಲ್ಲಿ 200ಕ್ಕೂ ಮೇಲಿದೆ. ಕೆಂಪು ತಿರುಳಿನದರಲ್ಲಿ ಲೈಕೋಪೀನ್ ಎಂಬ ಕೆಂಪು ವರ್ಣದ್ರವ್ಯ ಹೆಚ್ಚುವರಿ. ಜ್ಯೂಸ್ ಸೋಸಿದರೆ ನಾರು ಹೋಯಿತು, ತೊಳೆಯನ್ನೇ ತಿನ್ನಿ. ತಿಂದ ಕೂಡಲೇ ಹಲ್ಲುಜ್ಜಬೇಡಿ, ಹುಳಿಗೆ ಮೆತ್ತಗಾದ ದಂತಕವಚ ಸವೆಯುತ್ತದೆ. ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಬಿಡಿ.

ಪ್ರಶ್ನೆ: ಗ್ರೇಪ್‌ಫ್ರೂಟ್ ಸಿಪ್ಪೆಯ ಎಸೆನ್ಷಿಯಲ್ ಆಯಿಲ್ ತರಿಸಿದ್ದೇನೆ. ಮೈಗೆ ಹಚ್ಚಲು, ನೀರಲ್ಲಿ ಎರಡು ಹನಿ ಕುಡಿಯಲು ಹೇಳುತ್ತಾರೆ.

ಸುಗಂಧ ತೈಲ ತಜ್ಞೆ: ಕುಡಿಯಬೇಡಿ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಹನಿಯಾಗಿ ತೇಲಿ ಬಾಯಿ, ಅನ್ನನಾಳಕ್ಕೆ ನೇರವಾಗಿ ತಾಗಿ ಸುಡುತ್ತದೆ. ಹಣ್ಣಿನ ಗುಣಗಳನ್ನು ಎಣ್ಣೆಗೆ ಹೊರಿಸುವುದೂ ತಪ್ಪು, ಸಿ ಜೀವಸತ್ವ ಎಣ್ಣೆಯಲ್ಲಿ ಇರುವುದೇ ಇಲ್ಲ. ಅದರಲ್ಲಿ ಶೇ. 90ರ ಆಸುಪಾಸು ಲಿಮೋನೀನ್ ಎಂಬ ರಾಸಾಯನಿಕ, ಉಳಿದದ್ದು ಚಿಲ್ಲರೆ. ಆ ವಿಶಿಷ್ಟ ಘಮ ಬರುವುದು ನೂಟ್ಕಟೋನ್ ಎಂಬ ಅಂಶ ಮತ್ತು ಅತಿ ಸೂಕ್ಷ್ಮ ಪ್ರಮಾಣದ ಒಂದು ಗಂಧಕ ಸಂಯುಕ್ತದಿಂದ.

ಮೈಗೆ ಹಚ್ಚುವ ಮೊದಲು ಬಾಟಲಿ ಓದಿ. ಸಿಪ್ಪೆ ಒತ್ತಿ ತೆಗೆದದ್ದಾದರೆ ಫ್ಯುರಾನೊಕೂಮರಿನ್ ಇರುತ್ತದೆ; ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು. ಹಬೆಯಲ್ಲಿ ಭಟ್ಟಿ ಇಳಿಸಿದ್ದಾದರೆ ಆ ಭಯವಿಲ್ಲ, ಏಕೆಂದರೆ ಅವು ಹಬೆಯ ಜೊತೆ ಮೇಲೇಳುವುದಿಲ್ಲ. ಒತ್ತಿದ ಎಣ್ಣೆಗೆ ಶೇ. 4 ಗರಿಷ್ಠ ಮಿತಿ. ಮನೆಯಲ್ಲಿ ಅಲ್ಲಿವರೆಗೆ ಹೋಗಬೇಡಿ. 30 ಮಿ.ಲೀ. ಕೊಬ್ಬರಿ ಅಥವಾ ಎಳ್ಳೆಣ್ಣೆಗೆ 6 ಹನಿ ಹಾಕಿದರೆ ಶೇ. 1, 12 ಹಾಕಿದರೆ ಶೇ. 2 (20 ಹನಿಗೆ 1 ಮಿ.ಲೀ. ಲೆಕ್ಕ). ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ. ರಾತ್ರಿ ಹಚ್ಚುವುದೇ ಲೇಸು.

ಹೆಚ್ಚಿನ ತುರಿಕೆ ಪ್ರಕರಣಗಳಿಗೆ ತಾಜಾ ಎಣ್ಣೆಗಿಂತ ಹಳಸಿದ ಎಣ್ಣೆ ಕಾರಣ. ಗಾಳಿ ತಾಗಿದ ಲಿಮೋನೀನ್ ಹೈಡ್ರೊಪೆರಾಕ್ಸೈಡ್ ಆಗುತ್ತದೆ, ಅಲರ್ಜಿ ತರುವುದು ಅದು. ಕಂದು ಗಾಜಿನ ಪುಟ್ಟ ಬಾಟಲಿ, ಬಿಗಿ ಮುಚ್ಚಳ, ಫ್ರಿಜ್. ತೆರೆದ ಮೇಲೆ ಆರು ತಿಂಗಳಿಂದ ವರ್ಷದೊಳಗೆ ಮುಗಿಸಿ. ವಾರ್ನಿಷ್ ವಾಸನೆ ಬಂದರೆ ಮೈಗೆ ಬೇಡ. ಥರ್ಮೊಕೋಲ್ ಕರಗುತ್ತದೆ, ತೆಳು ಪ್ಲಾಸ್ಟಿಕ್ಕಿನಲ್ಲೂ ಇಡಬೇಡಿ. ಡಿಫ್ಯೂಸರ್‌ಗೆ (ಕೋಣೆಯಲ್ಲಿ ಘಮ ಹರಡುವ ಯಂತ್ರ) 100 ಮಿ.ಲೀ. ನೀರಿಗೆ 3-4 ಹನಿ, ಅರ್ಧ ಗಂಟೆ, ಕಿಟಕಿ ತೆರೆದಿರಲಿ. ಬೆಕ್ಕು ಸಾಕಿದವರು ಬಿಡಿ. ಲಿಮೋನೀನ್ ಬೆಕ್ಕಿಗೆ ವಿಷ.

ಪ್ರಶ್ನೆ: ಸೊಳ್ಳೆ ಓಡಿಸುತ್ತದಾ?

ಸುಗಂಧ ತೈಲ ತಜ್ಞೆ: ನೂಟ್ಕಟೋನ್‌ಗೆ ಅಮೆರಿಕದ ಪರಿಸರ ಸಂಸ್ಥೆ 2020ರಲ್ಲಿ ಸೊಳ್ಳೆ, ಉಣ್ಣಿಯ ವಿರುದ್ಧ ಮಾನ್ಯತೆ ಕೊಟ್ಟಿತು. ನಿಮ್ಮ ಬಾಟಲಿಯಲ್ಲಿ ಅದು ಶೇ. 1ಕ್ಕಿಂತ ಕಡಿಮೆ. ಡೆಂಗಿ ಕಾಲದಲ್ಲಿ ಇದನ್ನು ನಂಬಿ ಕೂರಬೇಡಿ.

ಪ್ರಶ್ನೆ: ಸಿಪ್ಪೆ ಬಿಸಾಡಲು ಮನಸ್ಸಿಲ್ಲ. ಸಾಂಪ್ರದಾಯಿಕ ಬಳಕೆ ಏನಾದರೂ?

ಆಹಾರ ತಜ್ಞೆ: ವಿಯೆಟ್ನಾಮಿನಲ್ಲಿ ಚಕ್ಕೋತದ ಸಿಪ್ಪೆ ಕುದಿಸಿದ ನೀರಿನಲ್ಲಿ ತಲೆಗೂದಲು ತೊಳೆಯುತ್ತಾರೆ. ಕೂದಲಿಗೆ ಘಮ ಬರುತ್ತದೆ. ಉದುರುವುದು ನಿಲ್ಲುತ್ತದೆ ಎಂದು ಭರವಸೆ ಕೊಡಲಾರೆ. ಕ್ಯೂಬಾದಲ್ಲಿ ಗ್ರೇಪ್‌ಫ್ರೂಟ್‌ನ ಬಿಳಿ ಚಿಪ್ಪನ್ನೇ ಪಾಕದಲ್ಲಿ ಬೇಯಿಸಿ ಸಿಹಿ ಮಾಡುತ್ತಾರೆ. ನಮ್ಮ ಚಕ್ಕೋತದ ಸಿಪ್ಪೆ ದಪ್ಪ, ಅದಕ್ಕೆ ಇನ್ನೂ ಚೆನ್ನಾಗಿ ಒಗ್ಗುತ್ತದೆ.

ಮೇಣ ಹಚ್ಚಿದ ಆಮದು ಹಣ್ಣಾದರೆ ಬಿಸಿನೀರಲ್ಲಿ ಉಜ್ಜಿ. ಹೊರಗಿನ ಬಣ್ಣದ ಪದರ ತೆಳ್ಳಗೆ ಹೆರೆದು ತೆಗೆದು, ಬಿಳಿ ಭಾಗವನ್ನು ಬೆರಳಗಲ ಕತ್ತರಿಸಿ. ತಣ್ಣೀರಲ್ಲಿ ಹಾಕಿ ಕುದಿ ಬಂದ ಮೇಲೆ 10 ನಿಮಿಷ, ನೀರು ಚೆಲ್ಲಿ. ಹೀಗೆ ಮೂರು ಸಲ. ಪ್ರತಿ ಸಲ ತಣಿಸಿ ಕೈಯಲ್ಲಿ ಹಿಂಡಬೇಕು. ಕಹಿ ಉಳಿದರೆ ತಪ್ಪು ಇಲ್ಲೇ: ಕಹಿಯ ಅಂಶವಾದ ನಾರಿಂಜಿನ್ ನೀರಲ್ಲಿ ಇಳಿದಿರುತ್ತದೆ, ಆದರೆ ಆ ನೀರನ್ನು ಸಿಪ್ಪೆ ಸ್ಪಂಜಿನಂತೆ ಹೀರಿಕೊಂಡಿರುತ್ತದೆ. ನಂತರ ಹಿಂಡಿದ ಸಿಪ್ಪೆಯ ತೂಕದಷ್ಟೇ ಸಕ್ಕರೆ, ಮುಳುಗುವಷ್ಟು ನೀರು, ಒಂದು ಚಮಚ ನಿಂಬೆರಸ ಹಾಕಿ ಸಣ್ಣ ಉರಿಯಲ್ಲಿ ಪಾರದರ್ಶಕವಾಗುವವರೆಗೆ ಬೇಯಿಸಿ. ಉರಿ ಜಾಸ್ತಿ ಮಾಡಿದರೆ ಹೊರಗೆ ಗಟ್ಟಿ, ಒಳಗೆ ಹಸಿ. ನಿಂಬೆರಸ ಬಿಟ್ಟರೆ ಪಾಕ ಹರಳುಗಟ್ಟುತ್ತದೆ. ಜಾಲರಿ ಮೇಲೆ ಒಂದು ದಿನ ಒಣಗಿಸಿ.

ಫಾರ್ಮಸಿಸ್ಟ್: ಸೇರಿಸುತ್ತೇನೆ: ಸಿಪ್ಪೆಯಲ್ಲೂ ಅವೇ ಫ್ಯುರಾನೊಕೂಮರಿನ್‌ಗಳಿವೆ. ಟ್ಯಾಕ್ರೊಲಿಮಸ್‌ನವರಿಗೆ ಈ ಮಿಠಾಯಿಯೂ ಇಲ್ಲ.